ಪೋಸ್ಟಿಂಗ್‌ಗೆ ಹೋದ ಮಕ್ಕಳ ಜೊತೆ ಇರುವುದು ಹೇಗೆ? ಒಬ್ಬ ನರ್ಸಿಂಗ್ ಟ್ಯೂಟರ್ ಕೇಳಿದ ಪ್ರಶ್ನೆ

ಪ್ರಶ್ನೆ: ನಮಸ್ಕಾರ ಟೀಚರ್. ನಾನು ಬದಿಯಡ್ಕ ಕಡೆಯವಳು. ಕಾಸರಗೋಡು ಜಿಲ್ಲೆಯ ಒಂದು ನರ್ಸಿಂಗ್ ಸ್ಕೂಲಿನಲ್ಲಿ ಟ್ಯೂಟರ್ ಆಗಿ ಸೇರಿ ಮೂರು ವರ್ಷ ಆಯಿತು. ನಮ್ಮ ಎರಡನೇ, ಮೂರನೇ ವರ್ಷದ ಮಕ್ಕಳು ಪೋಸ್ಟಿಂಗ್‌ಗೆ, ಅಂದರೆ ಕೆಲಸ ಮಾಡುತ್ತಾ ಕಲಿಯಲು, ನಾಲ್ಕೈದು ಕಡೆ ಹೋಗುತ್ತಾರೆ. ಕೆಲವರಿಗೆ ದೊಡ್ಡ ಆಸ್ಪತ್ರೆಯ ವಾರ್ಡ್, ಕೆಲವರಿಗೆ ಹಳ್ಳಿಯ ಆರೋಗ್ಯ ಕೇಂದ್ರ, ಮನೆ ಭೇಟಿ. ಅವರನ್ನು ನೋಡಿಕೊಳ್ಳಲು ಇರುವುದು ನಾವಿಬ್ಬರೇ. ದಿನಾ ಎಲ್ಲ ಕಡೆ ಹೋಗಿ ಬರಲು ಆಗುವುದಿಲ್ಲ. ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ಹಾಕಿದ್ದು ಮರುದಿನ ಹುಡುಕಿದರೆ ಸಿಗುವುದಿಲ್ಲ. ಅರ್ಧ ಮಕ್ಕಳು ಕನ್ನಡ ಮೀಡಿಯಂನಿಂದ ಬಂದವರು. ಪ್ರಿನ್ಸಿಪಾಲ್ ಒಂದು ವೆಬ್‌ಸೈಟ್ ಮಾಡಲು ಹೇಳಿದ್ದಾರೆ. ಏನು ಹಾಕಬೇಕು? ನಮ್ಮ ನೋಟ್ಸ್ ಎಲ್ಲ ಸ್ಕ್ಯಾನ್ ಮಾಡಿ ಹಾಕಿದರೆ ಸಾಕಾ?

ಉತ್ತರ: ಸ್ಕ್ಯಾನ್ ಮಾಡಿದ ನೋಟ್ಸ್ ಬೇಡ. ಅದು ಮಕ್ಕಳ ಬ್ಯಾಗಿನಲ್ಲೇ ಇದೆ, ಪುಸ್ತಕದಲ್ಲೂ ಇದೆ. ಪೋಸ್ಟಿಂಗ್‌ಗೆ ಹೋದ ಮಗುವಿಗೆ ಪಾಠ ಮರೆತುಹೋಗಿ ಕಷ್ಟ ಆಗುವುದು ಕಡಿಮೆ. ಜಾಸ್ತಿ ಕಷ್ಟ ಆಗುವುದು ಒಂಟಿಯಾಗಿರುವುದರಿಂದ. ಗುರುತಿಲ್ಲದ ವಾರ್ಡ್, ಪುರುಸೊತ್ತಿಲ್ಲದ ಸಿಸ್ಟರ್, ಅರ್ಥವಾಗದ ಮಾತು, ಯಾರನ್ನು ಕೇಳುವುದು ಅಂತ ಗೊತ್ತಿಲ್ಲ. ನಿಮ್ಮ ವೆಬ್‌ಸೈಟ್ ಅವಳನ್ನು ಒಬ್ಬ ಮನುಷ್ಯರ ಹತ್ತಿರ ಮುಟ್ಟಿಸಬೇಕು. ಯಾವ ಪುಟ ಬೇಕು, ಯಾವುದು ಬೇಡ ಅಂತ ಅನುಮಾನ ಬಂದಾಗಲೆಲ್ಲ ಇದನ್ನೇ ಕೇಳಿಕೊಳ್ಳಿ.

ನಾನು ಮರೆಯದ ಒಂದು ದಿನದ ಸಂಗತಿ ಹೇಳುತ್ತೇನೆ. ಎಣ್ಮಕಜೆ ಕಡೆಯ ಹುಡುಗಿ, ಹತ್ತನೇ ತರಗತಿವರೆಗೆ ಕನ್ನಡದಲ್ಲೇ ಓದಿದವಳು. ಮೆಡಿಕಲ್ ವಾರ್ಡಿನಲ್ಲಿ ಅವಳಿಗೆ ಮೊದಲ ವಾರ. ಮೂಲೆಯ ಮಂಚದಲ್ಲಿದ್ದ ಒಬ್ಬ ಅಜ್ಜ ಮಲಯಾಳದಲ್ಲಿ ಏನೋ ಹೇಳಿದರು. ಅವಳು ಸಿಸ್ಟರ್ ಹತ್ತಿರ ಬಂದು, "ಆ ಅಜ್ಜನಿಗೆ ಬುದ್ಧಿಗೆ ಏನೋ ಆಗಿದೆಯಂತೆ ಸಿಸ್ಟರ್" ಅಂದಳು. ಸಿಸ್ಟರ್ ಕೈಯಲ್ಲಿದ್ದ ಕೇಸ್ ಶೀಟ್ ಅಲ್ಲೇ ಬಿಟ್ಟು ಹೋಗಿ ನೋಡಿದರು. ಅಜ್ಜ ಮಂಚದ ತುದಿಗೆ ಬಂದು ಕೂತಿದ್ದಾರೆ. ಎರಡೂ ಕೈ ಮೊಣಕಾಲ ಮೇಲೆ ಊರಿ ಮುಂದಕ್ಕೆ ಬಾಗಿದ್ದಾರೆ. ಭುಜ ಏರಿ ಇಳಿಯುತ್ತಿದೆ. ಅವರು ಹೇಳಿದ್ದು "ಶ್ವಾಸಂ ಎಡುಕ್ಕಾನ್ ಬುದ್ಧಿಮುಟ್ಟ್" ಅಂತ. ಉಸಿರು ತೆಗೆಯಲು ಕಷ್ಟ ಆಗುತ್ತಿದೆ ಅಂತ ಅರ್ಥ. ಮಲಯಾಳದ ಬುದ್ಧಿಮುಟ್ಟು ಅಂದರೆ ತೊಂದರೆ. ನಮ್ಮ ಬುದ್ಧಿಯ ಅರ್ಥ ಅದಕ್ಕಿಲ್ಲ. ಆಕ್ಸಿಜನ್ ಹಾಕಿದರು, ಡಾಕ್ಟರ್ ಬಂದರು, ಅಜ್ಜ ಹುಷಾರಾದರು. ಹುಡುಗಿ ಮಾತ್ರ ಊಟ ಬಿಟ್ಟು ಬಾತ್‌ರೂಮಿನ ಹತ್ತಿರ ನಿಂತು ಅಳುತ್ತಿದ್ದಳು. ಉಸಿರಾಟದ ತೊಂದರೆಯ ಪಾಠ ಅವಳಿಗೆ ಬಾಯಿಪಾಠ ಬರುತ್ತಿತ್ತು. ಗೊತ್ತಿಲ್ಲದೆ ಹೋದದ್ದು ಒಂದೇ ಒಂದು ಪದ.

ಹಾಗಾಗಿ ನೀವು ಮೊದಲು ಬರೆಯುವ ಪುಟ ಮಾತಿನ ಪುಟ ಆಗಲಿ. ಸಪ್ತಭಾಷೆಯ ನಾಡು ಅಂತ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಏಳು ಭಾಷೆಯೂ ಒಂದೇ ದಿನ ಓಪಿಯ (ಹೊರರೋಗಿಗಳ) ಸಾಲಿನಲ್ಲಿ ನಿಂತಾಗ ಹದಿನೆಂಟು ವರ್ಷದ ಹುಡುಗಿಗೆ ಏನಾಗುತ್ತದೆ ಅಂತ ಯೋಚನೆ ಮಾಡಿ. ಮಂಗಲ್ಪಾಡಿ, ಉಪ್ಪಳ ಕಡೆ ಬ್ಯಾರಿ, ತುಳು ಕೇಳುತ್ತದೆ. ಪೆರ್ಲ, ಬದಿಯಡ್ಕ ಕಡೆ ತುಳು, ಹವ್ಯಕ ಕನ್ನಡ, ಮರಾಠಿ. ಕಾಸರಗೋಡು ಪೇಟೆಯಿಂದ ತೆಂಕಿಗೆ ಹೋದಂತೆ ಮಲಯಾಳವೇ ಜಾಸ್ತಿ. ಮೇಲಿಂದ ಲಾಗ್‌ಬುಕ್, ಕೇರ್ ಪ್ಲಾನ್ ಎಲ್ಲ ಇಂಗ್ಲಿಷಿನಲ್ಲಿ ಬರೆಯಬೇಕು. ಮಗು ಕೇಳುವುದು ಒಂದು ಭಾಷೆ, ಯೋಚಿಸುವುದು ಇನ್ನೊಂದು, ಬರೆಯುವುದು ಮತ್ತೊಂದು.

ಮಾತಿನ ಪುಟದಲ್ಲಿ ಮೂರು ಸಾಲು ಸಾಕು: ರೋಗಿ ಹೇಳುವ ಮಾತು, ಅದರ ಕನ್ನಡ ಅರ್ಥ, ರೆಕಾರ್ಡಿನಲ್ಲಿ ಬರೆಯುವ ಪದ. ಮೊದಲು ದಾರಿ ತಪ್ಪಿಸುವ ಪದಗಳನ್ನು ಸೇರಿಸಿ. ಗೊತ್ತಿಲ್ಲದ ಪದ ಬಂದರೆ ಮಗು ಕೇಳುತ್ತದೆ. ಗೊತ್ತಿದೆ ಅಂದುಕೊಂಡ ಪದ ಬಂದರೆ ಕೇಳುವುದಿಲ್ಲ, ಅಪಾಯ ಇರುವುದು ಅಲ್ಲಿ. ಮಲಯಾಳದಲ್ಲಿ ಛರ್ದಿ ಅಂದರೆ ವಾಂತಿ. ನಮ್ಮ ಮಕ್ಕಳು ಅದನ್ನು ಸರ್ದಿ ಅಂತ ಕೇಳಿಸಿಕೊಂಡು ನೆಗಡಿ ಅಂತ ಬರೆದದ್ದನ್ನು ನಾನೇ ನೋಡಿದ್ದೇನೆ. ಕಾಲಿನಲ್ಲಿ ನೀರ್ ಅಂದರೆ ಬಾವು. ಪನಿ ಅಂದರೆ ಜ್ವರ. ತುಳು ಮನೆಮಾತಿನ ಮಗುವಿಗೆ ಪನಿ ಅಂದರೆ ಸಣ್ಣ ಮಳೆ. ವಿಷಮಂ ಅಂದರೆ ಬೇಜಾರು, ಸಂಕಟ. ತುಳುವಿನ ಬಂಜಿಬೇನೆ ಹೊಟ್ಟೆನೋವು ಅಂತ ಘಟ್ಟದ ಮೇಲಿನಿಂದ ಬಂದ ಮಗುವಿಗೆ ಹೇಗೆ ಗೊತ್ತಾಗಬೇಕು? ಇವನ್ನೆಲ್ಲ ನೀವೊಬ್ಬರೇ ಕೂತು ಬರೆಯಬೇಡಿ. ಮಕ್ಕಳಿಂದಲೇ ಬರೆಸಿ. ಬ್ಯಾರಿ ಮನೆಯ ಹುಡುಗಿ ಬ್ಯಾರಿ ಮಾತನ್ನು ಫೋನಿನಲ್ಲಿ ಹೇಳಿ ರೆಕಾರ್ಡ್ ಮಾಡಲಿ, ತುಳು ಮನೆಯವಳು ತುಳುವಿನದ್ದನ್ನು. ಒಂದೊಂದು ಪದಕ್ಕೆ ನಾಲ್ಕೈದು ಸೆಕೆಂಡಿನ ಧ್ವನಿ ಸಾಕು. ಬರೆದದ್ದನ್ನು ಓದುವುದಕ್ಕಿಂತ ಕೇಳಿದ್ದು ಕಿವಿಯಲ್ಲಿ ನಿಲ್ಲುತ್ತದೆ. "ದಾದ ಆಪುಂಡು?" (ಏನಾಗುತ್ತಿದೆ?) ಅಂತ ತುಳುವಿನ ಒಂದು ಮಾತು ಕಲಿತು ಹೋದ ಹುಡುಗಿಯ ಕೈಯನ್ನು ಅಜ್ಜಿಯರು ಬಿಡುವುದೇ ಇಲ್ಲ, ನೋಡಿ.

ಎರಡನೆಯದು, ಸೂಜಿ ಚುಚ್ಚಿದರೆ ಏನು ಮಾಡಬೇಕು ಅನ್ನುವ ಪುಟ. ಇದರಲ್ಲಿ ಸ್ವಲ್ಪ ಕಠಿಣವಾಗಿ ಹೇಳುತ್ತೇನೆ. ಈ ಪುಟಕ್ಕೆ ಪಾಸ್‌ವರ್ಡ್ ಇರಬಾರದು. ಹುಡುಕುವ ಹಾಗೂ ಇರಬಾರದು. ಸೈಟ್ ತೆರೆದ ಕೂಡಲೇ ಎಲ್ಲಕ್ಕಿಂತ ಮೇಲೆ ಕಾಣಬೇಕು.

ಹಿಂದೆ ನಮ್ಮ ಒಬ್ಬಳು ವಿದ್ಯಾರ್ಥಿನಿಗೆ ಒಂದು ಆಸ್ಪತ್ರೆಯಲ್ಲಿ ಬಳಸಿದ ಸೂಜಿ ಬೆರಳಿಗೆ ಚುಚ್ಚಿತು. ಸೂಜಿಗೆ ಮುಚ್ಚಳ ಹಾಕಲು ಹೋಗಿದ್ದಳು. ಮುಚ್ಚಳ ಹಾಕಬಾರದು ಅಂತ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆನಲ್ಲ ಅಂತ ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ. ಎರಡು ದಿನ ಕಳೆದ ಮೇಲೆ ಹಾಸ್ಟೆಲಿನಲ್ಲಿ ಗೆಳತಿಯ ಹತ್ತಿರ ಬಾಯಿಬಿಟ್ಟಳು. ಆ ಗೆಳತಿ ರಾತ್ರಿಯೇ ನನಗೆ ಫೋನ್ ಮಾಡಿದಳು. ಅವತ್ತು ನಾವು ಓಡಿದ ಓಟ ಈಗಲೂ ನೆನಪಿದೆ. ಪುಣ್ಯಕ್ಕೆ ಏನೂ ಆಗಲಿಲ್ಲ. ಆದರೆ ಆ ಎರಡು ದಿನ ಅವಳು ಒಬ್ಬಳೇ ಆ ಭಯ ಹೊತ್ತುಕೊಂಡು ಡ್ಯೂಟಿ ಮಾಡಿದ್ದಾಳಲ್ಲ, ಅದು ನನಗೆ ಇವತ್ತಿಗೂ ನೋವು. ನಮ್ಮನ್ನು ಕಂಡರೆ ಅವಳಿಗೆ ಹೇಳುವ ಧೈರ್ಯ ಬರುವ ಹಾಗೆ ನಾವು ಇರಲಿಲ್ಲ.

ಆ ಪುಟದಲ್ಲಿ ಮೊದಲ ಸಾಲು ಹೀಗಿರಲಿ: "ನಿನ್ನನ್ನು ಯಾರೂ ಬೈಯುವುದಿಲ್ಲ. ಈಗಲೇ ಹೇಳು." ಆಮೇಲೆ ಮಾಡಬೇಕಾದ್ದು. ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆ. ಹಿಂಡಬೇಡ, ಬಾಯಿಗೆ ಹಾಕಬೇಡ, ಸ್ಪಿರಿಟ್ ಸುರಿಯಬೇಡ. ವಾರ್ಡ್ ಸಿಸ್ಟರಿಗೆ ಆ ಕ್ಷಣವೇ ಹೇಳು. ಯಾವ ರೋಗಿಗೆ ಬಳಸಿದ ಸೂಜಿ ಅಂತ ನೆನಪಿಟ್ಟುಕೋ. ಕ್ಯಾಶುವಲ್ಟಿಯಲ್ಲಿ ಡಾಕ್ಟರನ್ನು ನೋಡು. ಎಚ್‌ಐವಿ ತಡೆಯುವ ಮಾತ್ರೆ ಬೇಕು ಅಂತ ಡಾಕ್ಟರ್ ಹೇಳಿದರೆ 2 ಗಂಟೆಯೊಳಗೆ ಶುರು ಮಾಡಿದರೆ ತುಂಬ ಒಳ್ಳೆಯದು. 72 ಗಂಟೆ ದಾಟಿದ ಮೇಲೆ ಅದರಿಂದ ಪ್ರಯೋಜನ ಇಲ್ಲ. ಒಟ್ಟು 28 ದಿನ ತೆಗೆದುಕೊಳ್ಳಬೇಕು. ಕೊನೆಗೆ ನಿಮ್ಮ ಫೋನ್ ನಂಬರ್, ರಾತ್ರಿ ಎತ್ತುವವರ ನಂಬರ್. ಇಷ್ಟೇ. ಎಚ್‌ಐವಿ ಬಗ್ಗೆ ಪ್ರಬಂಧ ಬೇಡ, ಬೆರಳಿನಲ್ಲಿ ರಕ್ತ ಬರುತ್ತಿರುವಾಗ ಯಾರೂ ಪ್ರಬಂಧ ಓದುವುದಿಲ್ಲ. ಪೋಸ್ಟಿಂಗ್ ಶುರುವಾಗುವ ಮೊದಲೇ ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಆಗಿದೆಯಾ ನೋಡಿ. ಮೊದಲ ಡೋಸ್ ಆಗಿ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಅಂದರೆ ಕೋರ್ಸಿಗೆ ಸೇರಿದ ವಾರವೇ ಶುರು ಮಾಡಬೇಕು. ಪೋಸ್ಟಿಂಗ್ ಹತ್ತಿರ ಬಂದಾಗ ನೆನಪಾದರೆ ತಡ ಆಯಿತು.

ಬಳಸಿದ ಸೂಜಿ ಚುಚ್ಚಿಹೋಗದ ಬಿಳಿ ಡಬ್ಬಿಗೆ, ಐವಿ ಟ್ಯೂಬ್, ಗ್ಲೌಸ್ ಕೆಂಪಿಗೆ, ರಕ್ತ ಹತ್ತಿದ ಹತ್ತಿ ಹಳದಿಗೆ, ಗಾಜಿನ ಬಾಟಲಿ ನೀಲಿಗೆ. ಆಸ್ಪತ್ರೆಯ ಕಸದ ಬಗ್ಗೆ ಇರುವ 2016ರ ನಿಯಮದ ಈ ಬಣ್ಣಗಳ ಒಂದು ಚಿತ್ರವನ್ನು ಅದೇ ಪುಟದ ಕೆಳಗೆ ಹಾಕಿಬಿಡಿ.

ಈಗ ನೀವು ಅಂದುಕೊಂಡಿರದ ಒಂದು ವಿಷಯ. ಸೈಟ್ ಮಕ್ಕಳಿಗೆ ಮಾತ್ರ ಅಲ್ಲ, ವಾರ್ಡ್ ಸಿಸ್ಟರಿಗೂ ಬೇಕು. ನಾಲ್ಕು ಜನ ಸ್ಟೂಡೆಂಟ್ಸ್ ಬೆಳಿಗ್ಗೆ ಬಂದು ಸಾಲಾಗಿ ನಿಂತರೆ ಅವರಿಗೆ ಏನು ಗೊತ್ತಾಗಬೇಕು? ಇವರು ಇಂಜೆಕ್ಷನ್ ಕೊಟ್ಟಿದ್ದಾರಾ? ಕ್ಯಾತಿಟರ್ (ಮೂತ್ರದ ನಳಿಗೆ) ಹಾಕುವುದನ್ನು ನೋಡಿದ್ದಾರಾ, ಮಾಡಿದ್ದಾರಾ? ಅದೊಂದೂ ಗೊತ್ತಿಲ್ಲದೆ ಅವರು ಒಂದೋ ಬಿಪಿ ನೋಡುವ ಕೆಲಸ ಮಾತ್ರ ಕೊಡುತ್ತಾರೆ, ಇಲ್ಲ ಕೈಗೆ ಮೀರಿದ ಕೆಲಸ ಕೊಡುತ್ತಾರೆ. ಎರಡರಲ್ಲೂ ಮಗು ಕಲಿಯುವುದಿಲ್ಲ. ಅದಕ್ಕೆ ಒಂದು ಚಿಕ್ಕ ಪುಟ, ಮಲಯಾಳದಲ್ಲೂ ಕನ್ನಡದಲ್ಲೂ: ಈ ವಾರ ಬಂದಿರುವ ಮಕ್ಕಳು ಯಾವ ವರ್ಷದವರು, ಏನನ್ನು ತಾವೇ ಮಾಡಬಹುದು, ಏನನ್ನು ಪಕ್ಕದಲ್ಲಿ ಸಿಸ್ಟರ್ ಇದ್ದರೆ ಮಾತ್ರ ಮಾಡಬಹುದು, ಯಾವುದನ್ನು ಮುಟ್ಟಲೇಬಾರದು. ನಾವು ಇದನ್ನು ಶುರು ಮಾಡಿದ ಮೊದಲ ತಿಂಗಳಲ್ಲೇ ಒಬ್ಬರು ಹಿರಿಯ ಸಿಸ್ಟರ್ ನನ್ನನ್ನು ಕರೆದು, "ಇಷ್ಟು ವರ್ಷದಲ್ಲಿ ಮಕ್ಕಳಿಗೆ ಏನು ಕಲಿಸಬೇಕು ಅಂತ ನಮಗೆ ಹೇಳಿದವರು ಯಾರೂ ಇಲ್ಲ ಟೀಚರೇ" ಅಂದರು. ಅವರಿಗೂ ಕಲಿಸುವ ಆಸೆ ಇತ್ತು.

ದಿನದ ಕೊನೆಗೆ ಮಕ್ಕಳು ಬರೆಯುವ ಒಂದು ಜಾಗ ಬೇಕು. ಗೂಗಲ್ ಫಾರ್ಮ್ ಸಾಕು. ಮೂರೇ ಪ್ರಶ್ನೆ: ಇವತ್ತು ಮೊದಲ ಸಲ ಏನು ಮಾಡಿದೆ? ಏನು ಅರ್ಥ ಆಗಲಿಲ್ಲ? ಮನಸ್ಸಿನಲ್ಲಿ ಏನು ಉಳಿದಿದೆ? ಕನ್ನಡದಲ್ಲೇ ಬರೆಯಲಿ. ಇದಕ್ಕೆ ಮಾರ್ಕ್ಸ್ ಕೊಡಬೇಡಿ. ಕೊಟ್ಟ ದಿನದಿಂದ ಅವರು ನಿಮಗೆ ಇಷ್ಟವಾಗುವುದನ್ನು ಬರೆಯಲು ಶುರು ಮಾಡುತ್ತಾರೆ.

ಆದರೆ ಒಂದು ಕರಾರು. ನೀವು ಅವತ್ತು ರಾತ್ರಿಯೇ ಉತ್ತರ ಕೊಡಬೇಕು, ಒಂದೇ ಸಾಲಾದರೂ ಸರಿ. ಉತ್ತರ ಬಾರದ ಜಾಗದಲ್ಲಿ ಮಕ್ಕಳು ಎರಡನೇ ವಾರಕ್ಕೆ ಬರೆಯುವುದನ್ನೇ ಬಿಡುತ್ತಾರೆ. ಒಬ್ಬಳು ಒಮ್ಮೆ ಬರೆದಿದ್ದಳು: "ಅಜ್ಜಿಯ ಕಾಲಿನ ಗಾಯಕ್ಕೆ ಡ್ರೆಸ್ಸಿಂಗ್ ಮಾಡಿದೆ. ಅಜ್ಜಿ ಕಣ್ಣು ಮುಚ್ಚಿ ಸೆರಗಿನ ತುದಿ ಕಚ್ಚಿಕೊಂಡಿದ್ದರು. ನೋವು ಅಂತ ಹೇಳಲಿಲ್ಲ." ನಾನು ಬರೆದೆ: "ನಾಳೆ ಡ್ರೆಸ್ಸಿಂಗಿಗೆ ಮೊದಲೇ ನೋವು ಎಷ್ಟಿದೆ ಅಂತ ಕೇಳು. ನೋವಿನ ಮಾತ್ರೆ ಬರೆದಿದ್ದಾರಾ ನೋಡು, ಡ್ರೆಸ್ಸಿಂಗಿಗೆ ಎಷ್ಟು ಮುಂಚೆ ಕೊಡಬಹುದು ಅಂತ ಸಿಸ್ಟರನ್ನು ಕೇಳು. ಒಣಗಿ ಅಂಟಿದ ಗಾಜ್ ಬಟ್ಟೆಗೆ ಸಲೈನ್ ಹಾಕಿ ನೆನೆಸಿ ತೆಗೆ." ಮರುದಿನ ಅವಳ ಉತ್ತರ: "ಅಜ್ಜಿ ಇವತ್ತು ಮಾತಾಡಿದರು ಟೀಚರ್." ಇಂಥ ಹತ್ತು ಸಾಲು ಸೇರಿದರೆ ಅದಕ್ಕಿಂತ ಒಳ್ಳೆಯ ಪಾಠ ಬೇರೆ ಇಲ್ಲ. ರೋಗಿಯ ಗುರುತು ಸಿಗದ ಹಾಗೆ ಬದಲಾಯಿಸಿ, ಬರೆದವಳನ್ನು ಕೇಳಿಕೊಂಡು, ಮುಂದಿನ ಬ್ಯಾಚಿನ ಮಕ್ಕಳಿಗೆ ಅದನ್ನೇ ಓದಲು ಕೊಡಿ.

ಮೊದಲ ಸಲ ರೋಗಿಯ ಸಾವು ನೋಡಿದ ಮಗು ಇದೇ ಜಾಗದಲ್ಲಿ ಬರೆಯುತ್ತದೆ. ಅವತ್ತು ಸಾಲು ಬರೆದು ಮುಗಿಸಬೇಡಿ, ಫೋನ್ ಮಾಡಿ. ಮನಸ್ಸಿನ ಕಷ್ಟಕ್ಕೆ ಇರುವ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನೂ ಪುಟದಲ್ಲಿ ಹಾಕಿಡಿ. 2022ರಿಂದ ನಡೆಯುತ್ತಿರುವ ಸರಕಾರದ ಸೇವೆ ಅದು, ಯಾವ ಹೊತ್ತಿಗೂ ಕರೆ ಮಾಡಬಹುದು. ಆದರೆ ಮೊದಲ ದನಿ ನಿಮ್ಮದೇ ಆಗಿರಲಿ.

ಗುರುತು ಅಂದೆನಲ್ಲ, ಅದರ ಬಗ್ಗೆ ಬಿಡಿಸಿ ಹೇಳಬೇಕು. ಇದು ನಮ್ಮ ಜಿಲ್ಲೆಯಲ್ಲಿ ಬೇರೆ ಕಡೆಗಿಂತ ಸೂಕ್ಷ್ಮ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ್ದು 2000ದವರೆಗೂ ನಡೆಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿತು, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಅಂತ ಹೇಳಿತು. ಈ ನಡುವೆ ಎಣ್ಮಕಜೆಯ ಪಡ್ರೆ, ಸ್ವರ್ಗದಂಥ ಊರುಗಳ ಮನೆಗಳಿಗೆ ಕ್ಯಾಮೆರಾ ಹಿಡಿದವರು ಎಷ್ಟು ಸಲ ಬಂದು ಹೋದರೋ. ನಿಮ್ಮ ಮಕ್ಕಳು ಕಮ್ಯುನಿಟಿ ಪೋಸ್ಟಿಂಗಿನಲ್ಲಿ ಪಾಲಿಯೇಟಿವ್ ನರ್ಸ್ (ವಾಸಿಯಾಗದ ಕಾಯಿಲೆಯವರ ಆರೈಕೆ ಮಾಡುವ ನರ್ಸ್) ಜೊತೆ ಇಂಥ ಮನೆಗಳಿಗೆ ಹೋಗುತ್ತಾರೆ. ಅಲ್ಲಿ ಫೋನ್ ಹೊರಗೆ ತೆಗೆದರೆ ಆ ಅಮ್ಮನ ಮುಖ ಹೇಗಾಗುತ್ತದೆ ಅಂತ ನಾನು ನೋಡಿದ್ದೇನೆ.

ಹೆಸರು ತೆಗೆದರೆ ಆಯಿತು ಅಂತ ಮಕ್ಕಳು ತಿಳಿದಿರುತ್ತಾರೆ. ಸಾಲದು. "ಎಣ್ಮಕಜೆ, 22 ವರ್ಷ, ಹುಟ್ಟಿನಿಂದ ಮಲಗಿದಲ್ಲೇ" ಅಂತ ಬರೆದರೆ ಊರಿನವರಿಗೆ ಮನೆಯ ದಾರಿಯೇ ಕಾಣುತ್ತದೆ. ನಮ್ಮಲ್ಲಿ ವಿಳಾಸ ಅಂದರೆ ಮನೆ ಹೆಸರು. ಅದೊಂದು ಸಿಕ್ಕಿದರೆ ಎಲ್ಲ ಸಿಕ್ಕಿದ ಹಾಗೆ. ಆದ್ದರಿಂದ ರೋಗಿಯ ಫೋಟೋ, ಊರು, ಮನೆ ಹೆಸರು, ಆಸ್ಪತ್ರೆಯ ಐಪಿ (ಒಳರೋಗಿ) ನಂಬರ್, ಮಂಚದ ನಂಬರ್, ಸೇರಿದ ದಿನಾಂಕ ಯಾವುದೂ ಸೈಟಿನಲ್ಲಿ ಬೇಡ. ಗಾಯದ ಫೋಟೋ ಸಹ ಬೇಡ. ವಯಸ್ಸನ್ನು "ಅರವತ್ತು ದಾಟಿದವರು" ಅಂತ ಬರೆದರೆ ಕಲಿಕೆಗೆ ಏನೂ ಕಡಿಮೆ ಆಗುವುದಿಲ್ಲ. ವೈಯಕ್ತಿಕ ಮಾಹಿತಿ ಕಾಪಾಡುವ ಕಾನೂನು 2023ರಲ್ಲಿ ಬಂದಿದೆ, ನಿಜ. ಆದರೆ ಮಕ್ಕಳಿಗೆ ಕಾನೂನಿನಿಂದ ಹೇಳಬೇಡಿ. "ಇದು ನಿನ್ನ ಅಣ್ಣನ ವಿಷಯ ಆಗಿದ್ದರೆ ಹಾಕುತ್ತಿದ್ದೆಯಾ?" ಅಂತ ಕೇಳಿ. ಅಷ್ಟಕ್ಕೇ ಅವರು ಸುಮ್ಮನಾಗುತ್ತಾರೆ.

ಏನು ಹಾಕಬೇಕು ಅಂತ ಕೇಳಿದಿರಿ, ಏನು ಹಾಕಬಾರದು ಅಂತಲೂ ಹೇಳುತ್ತೇನೆ. ಔಷಧದ ಡೋಸ್ ಪಟ್ಟಿ ಹಾಕಬೇಡಿ. ಒಂದು ಸೊನ್ನೆ ತಪ್ಪಿದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು. ಅದು ಸೈಟಿನಲ್ಲಿದೆ ಅಂದರೆ ಮಗು ಸಿಸ್ಟರನ್ನು ಕೇಳುವುದನ್ನೂ ಬಿಡುತ್ತದೆ. ಏನೇ ಹಾಕಿದರೂ ಪುಟದ ಕೆಳಗೆ ತಾರೀಕು, ನೋಡಿದವರ ಹೆಸರು ಇರಲಿ. ಟಿಬಿ ಚಿಕಿತ್ಸೆ ವಾರಕ್ಕೆ ಮೂರು ದಿನದಿಂದ ದಿನಾ ಮಾತ್ರೆಗೆ 2017ರಲ್ಲೇ ಬದಲಾಯಿತು. ಅದಾಗಿ ಎಷ್ಟೋ ಕಾಲದ ಮೇಲೂ ಹಳೆಯ ಜೆರಾಕ್ಸ್ ನೋಟ್ಸ್ ಓದಿ "ದಿನ ಬಿಟ್ಟು ದಿನ" ಅಂತ ಹೇಳಿದ ಮಕ್ಕಳಿದ್ದಾರೆ. ನೀವು ಸ್ಕ್ಯಾನ್ ಮಾಡಿ ಹಾಕಿದ್ದೂ ಹಾಗೆಯೇ ಉಳಿದುಬಿಡುತ್ತದೆ.

ಸೈಟ್ ಮಾಡುವ ಕೆಲಸ ದೊಡ್ಡದಲ್ಲ. ನಿಮ್ಮಷ್ಟು ಮಕ್ಕಳಿಗೆ ಗೂಗಲ್ ಸೈಟ್ಸ್ ಸಾಕು. ದುಡ್ಡು ಬೇಡ, ಕೋಡಿಂಗ್ ಬೇಡ. ಮೂಡಲ್ ಎಂಬ ಕಲಿಕೆಯ ಸಾಫ್ಟ್‌ವೇರ್ ಒಳ್ಳೆಯದೇ, ಅದೂ ಉಚಿತ. ಆದರೆ ಅದಕ್ಕೆ ಸರ್ವರ್ ಬೇಕು, ನೋಡಿಕೊಳ್ಳುವವರು ಬೇಕು. ಮೊದಲ ವರ್ಷ ಬೇಡ. ಸಿಸ್ಟರುಗಳ, ಮಕ್ಕಳ ಫೋನ್ ನಂಬರ್ ಇರುವ ಪುಟವನ್ನು ಸ್ಕೂಲಿನ ಐಡಿ ಇದ್ದವರು ಮಾತ್ರ ನೋಡುವ ಹಾಗೆ ಇಡಿ. ಕನ್ನಡವನ್ನು ಯೂನಿಕೋಡಿನಲ್ಲೇ ಟೈಪ್ ಮಾಡಿ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಮಾಡಿದ್ದು ಫೋನಿನಲ್ಲಿ ಬರೀ ಗೀಟು ಗೀಟಾಗಿ ಕಾಣುತ್ತದೆ, ಹುಡುಕಿದರೂ ಸಿಗುವುದಿಲ್ಲ. ವಾಟ್ಸ್‌ಆ್ಯಪ್ ಗ್ರೂಪ್ ಮುಚ್ಚಬೇಡಿ. "ನಾಳೆ ಬಸ್ ಮುಷ್ಕರ" ಅಂತ ತಿಳಿಸಲು ಅದೇ ಸರಿ. ಉಳಿಯಬೇಕಾದ್ದು ಸೈಟಿನಲ್ಲಿ ಇರಲಿ.

ಫೋನನ್ನು ವಾರ್ಡಿನಲ್ಲಿ ಹೊರಗೆ ತೆಗೆಯಲು ಬಿಡಬೇಡಿ. ರೋಗಿಯ ಎದುರು ಫೋನ್ ನೋಡಿದರೆ ಅವಳು ಓದುತ್ತಿದ್ದಾಳೆ ಅಂತ ಯಾರೂ ತಿಳಿಯುವುದಿಲ್ಲ. ಸೈಟ್ ನೋಡುವುದು ಬೆಳಿಗ್ಗೆ ಬಸ್ಸಿನಲ್ಲಿ, ಚಹಾ ಹೊತ್ತಿನಲ್ಲಿ, ಸಂಜೆ ಹಾಸ್ಟೆಲಿನಲ್ಲಿ. ವಾರ್ಡಿಗೆ ಬೇಕಾದ್ದನ್ನು, ಅಂದರೆ ಸೂಜಿಯ ಪುಟ ಮತ್ತು ಮಾತಿನ ಪುಟದ ಇಪ್ಪತ್ತು ಪದ, ಅಂಗೈ ಅಗಲದ ಕಾಗದದಲ್ಲಿ ಪ್ರಿಂಟ್ ಮಾಡಿ ಯೂನಿಫಾರ್ಮಿನ ಜೇಬಿಗೆ ಹಾಕಿ ಕಳಿಸಿ.

ಒಂದೇ ಸಲ ಎಲ್ಲ ಮಾಡಲು ಹೋಗಬೇಡಿ. ಮುಂದಿನ ಪೋಸ್ಟಿಂಗ್‌ಗೆ ಸೂಜಿಯ ಪುಟ, ಮಾತಿನ ಪುಟ, ದಿನದ ಮೂರು ಪ್ರಶ್ನೆ, ಇವಿಷ್ಟು ಸಿದ್ಧವಾಗಲಿ. ಸಿಸ್ಟರುಗಳ ಪುಟ ಆಮೇಲೆ, ಅವರ ಜೊತೆ ಕೂತು ಮಾಡಿ. ಸೈಟ್ ಸಿದ್ಧವಾದ ಮೇಲೆ ಸ್ಕೂಲಿನ ವೈಫೈಯಲ್ಲಿ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ. ಇಬ್ಬರು ಮಕ್ಕಳಿಗೆ ಹೇಳಿ, ಬದಿಯಡ್ಕದಿಂದ ಉಕ್ಕಿನಡ್ಕ ದಾಟಿ ಪೆರ್ಲಕ್ಕೆ ಹೋಗುವ ಬಸ್ಸಿನಲ್ಲಿ ಕೂತು ತಮ್ಮದೇ ಫೋನಿನಲ್ಲಿ ಸೂಜಿಯ ಪುಟ ತೆರೆದು ನೋಡಲಿ. ಗುಡ್ಡದ ತಿರುವಿನಲ್ಲಿ ಸಿಗ್ನಲ್ ಒಂದು ಗೆರೆಗೆ ಇಳಿದಾಗಲೂ ಅದು ತೆರೆಯಬೇಕು. ತೆರೆಯದಿದ್ದರೆ ಚಿತ್ರ ತೆಗೆದುಹಾಕಿ, ಬರೀ ಅಕ್ಷರ ಉಳಿಸಿ, ಮತ್ತೆ ಕಳಿಸಿ ನೋಡಿ.